ಯವನರೆಂದರೆ ಯಾರು?

ನಾನು ಹುಣಸೂರಿನಲ್ಲಿ ಮಿಡ್ಲ್ ಸ್ಕೂಲಿನ ಹುಡುಗನಾಗಿದ್ದಾಗ, ಜಾತ್ರೆಗೆ ಬಂದಿದ್ದ ಒಂದು ನಾಟಕ ಮಂಡಲಿಯವರು ಶ್ರೀಕೃಷ್ಣನ ಕಥೆಯನ್ನು ಆಡಿದರು. ನಡುರಾತ್ರಿಯ ಹೊತ್ತಿಗೆ ಕಾಲಯವನ ರಂಗದ ಮೇಲೆ ಬಂದ. ತಲೆಗೆ ಕುಚ್ಚಿನ ಕೆಂಪು ಟೋಪಿ, ಅಂಟಿಸಿದ ಗಡ್ಡ, ಸೊಂಟದಲ್ಲಿ ಬಾಗಿದ ಕತ್ತಿ. ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಿದ್ದವನು ನನ್ನ ಸಹಪಾಠಿ. ಮಸೀದಿ ಬೀದಿಯವನು, ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಮಗ. ಅವನು ನನ್ನ ಕಿವಿಯಲ್ಲಿ ಮೆಲ್ಲನೆ, "ಅವನು ನಮ್ಮವನೇನೋ?" ಎಂದು ಕೇಳಿದ. ನಾನು, "ಇರಬೇಕು ಕಣೋ" ಎಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಕಾಲಯವನ ಮುಚುಕುಂದನ ಗುಹೆಯಲ್ಲಿ ಸುಟ್ಟು ಬೂದಿಯಾದ. ಜನರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಗೆಳೆಯ ತಟ್ಟಲಿಲ್ಲ.

ಅಂದು ನಾನು ಕೊಟ್ಟ ಉತ್ತರ ತಪ್ಪು. ಎಷ್ಟರಮಟ್ಟಿಗೆ ತಪ್ಪು ಎಂಬುದು ತಿಳಿಯುವುದಕ್ಕೆ ಬಹಳ ವರ್ಷ ಬೇಕಾಯಿತು. ಯವನ ಎಂಬ ಮೂರಕ್ಷರದ ಮಾತನ್ನು ನಾವು ಪುರಾಣದಲ್ಲಿ ಕೇಳುತ್ತೇವೆ, ಶಾಸನಗಳಲ್ಲಿ ಓದುತ್ತೇವೆ. ಆದರೆ ಅದು ಎಲ್ಲಿಂದ ಬಂದಿತು, ಯಾರ ಯಾರ ಮೇಲೆ ಕುಳಿತಿತು ಎಂದು ವಿಚಾರಿಸುವವರು ಕಡಮೆ. ವಿಚಾರಿಸುತ್ತ ಹೋದರೆ ಆ ದಾರಿ ಗ್ರೀಕರ ಒಂದು ಪುರಾಣಕ್ಕೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಹೆಗ್ಗಡದೇವನಕೋಟೆಯ ಕಪಿಲಾ ತೀರಕ್ಕೇ ಬಂದು ನಿಲ್ಲುತ್ತದೆ.

ಮೊದಲು ಗ್ರೀಕರ ಕಥೆಯನ್ನು ಕೇಳೋಣ. ಅಥೆನ್ಸಿನ ರಾಜ ಎರೆಕ್ಥಿಯಸನಿಗೆ ಕ್ರೆಯೂಸಾ ಎಂಬ ಮಗಳು. ಅಪೊಲೊ ದೇವನಿಂದ ಅವಳಿಗೆ ಒಂದು ಗಂಡುಮಗು ಹುಟ್ಟಿತು. ಲೋಕಾಪವಾದಕ್ಕೆ ಅಂಜಿ ಅವಳು ಆ ಶಿಶುವನ್ನು ಒಂದು ಬುಟ್ಟಿಯಲ್ಲಿಟ್ಟು ಗುಹೆಯೊಂದರಲ್ಲಿ ಬಿಟ್ಟುಬಂದಳು. ನಮ್ಮ ಕುಂತಿಯ ನೆನಪು ಯಾರಿಗೆ ಬಾರದು? ದೇವತೆಗಳ ದೂತನಾದ ಹರ್ಮಿಸನು ಮಗುವನ್ನು ಡೆಲ್ಫಿಯ ದೇವಾಲಯಕ್ಕೆ ಒಯ್ದ. ಹುಡುಗ ಅಲ್ಲಿ ಗುಡಿಯನ್ನು ಗುಡಿಸುವ ಪರಿಚಾರಕನಾಗಿ ಬೆಳೆದ. ಇತ್ತ ಕ್ರೆಯೂಸಾ ಕ್ಸೂಥಸ್ ಎಂಬವನನ್ನು ಮದುವೆಯಾದಳು, ಮಕ್ಕಳಾಗಲಿಲ್ಲ. ದಂಪತಿಗಳು ದೇವರ ಅಪ್ಪಣೆ ಕೇಳಲು ಡೆಲ್ಫಿಗೆ ಬಂದರು. ಗುಡಿಯಿಂದ ಹೊರಗೆ ಬರುವಾಗ ಮೊದಲು ಎದುರಾಗುವವನೇ ನಿನ್ನ ಮಗನೆಂದು ಕ್ಸೂಥಸನಿಗೆ ದೈವವಾಣಿಯಾಯಿತು. ಎದುರಾದವನು ಆ ಹುಡುಗ. ಗ್ರೀಕ್ ಭಾಷೆಯಲ್ಲಿ 'ಅಯಾನ್' ಎಂದರೆ ಹೋಗುತ್ತಿರುವವನು. ಆದ್ದರಿಂದ ಅವನಿಗೆ ಅಯಾನ್ ಎಂದೇ ಹೆಸರಾಯಿತು. ಇವನು ಯಾರ ಮಗನೋ ಎಂದು ಮತ್ಸರಗೊಂಡ ಕ್ರೆಯೂಸಾ ಅವನಿಗೆ ವಿಷವಿಕ್ಕಲು ಹೋಗಿ, ಕೊನೆಗೆ ಆ ಹಳೆಯ ಬುಟ್ಟಿಯನ್ನು ಕಂಡು ತನ್ನ ಮಗನೆಂದು ಗುರುತಿಸುತ್ತಾಳೆ. ಯೂರಿಪಿಡೀಸ್ ಮಹಾಕವಿ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಇದನ್ನೇ ನಾಟಕವಾಗಿ ಬರೆದಿದ್ದಾನೆ. ಈ ಅಯಾನನ ವಂಶದವರೇ ಅಯೋನಿಯನರು ಎಂದು ಗ್ರೀಕರ ನಂಬಿಕೆ.

ಚರಿತ್ರಕಾರರು ಈ ಕಥೆಯನ್ನು ತಲೆಕೆಳಗು ಮಾಡಿ ಓದುತ್ತಾರೆ. ಅಯಾನನಿಂದ ಜನಕ್ಕೆ ಹೆಸರು ಬಂದುದಲ್ಲ. ಜನದ ಹೆಸರಿಗೆ ಅರ್ಥ ಹೇಳಲು ಅಯಾನನು ಹುಟ್ಟಿದ. ಜನದ ಹೆಸರು ಬಹಳ ಹಳೆಯದು. ಕ್ರೀಟ್ ದ್ವೀಪದ ನಾಸಸ್ ಅರಮನೆಯಲ್ಲಿ ದೊರೆತ ಮಣ್ಣಿನ ಹಲಗೆಗಳ ಲಿಪಿಯನ್ನು ಮೈಕೇಲ್ ವೆಂಟ್ರಿಸ್ ೧೯೫೨ರಲ್ಲಿ ಬಿಡಿಸಿದ. ಅವುಗಳಲ್ಲಿ 'ಇಯಾವೊನೆ' ಎಂಬ ರೂಪವಿದೆ. ಅದರೊಳಗಿನ ವಕಾರವನ್ನು ವಾಚಕರು ಗಮನಿಸಬೇಕು. ಕಾಲಕ್ರಮದಲ್ಲಿ ಅಥೆನ್ಸಿನ ಮತ್ತು ಅಯೋನಿಯದ ಗ್ರೀಕರ ನಾಲಗೆಯಿಂದ ಆ ವಕಾರ ಬಿದ್ದುಹೋಗಿ 'ಇಯೋನೆಸ್' ಎಂದಾಯಿತು. ಆದರೆ ಅದು ಬೀಳುವ ಮೊದಲೇ ಹೆಸರು ಪೂರ್ವದೇಶಗಳಿಗೆ ಬಂದಿತ್ತು. ಹೀಬ್ರೂ ಭಾಷೆಯಲ್ಲಿ ಅವರು ಯಾವಾನ್; ಹಳೆಯ ಪಾರಸಿಯಲ್ಲಿ ಯೌನ; ಪ್ರಾಕೃತದಲ್ಲಿ ಯೋನ; ಸಂಸ್ಕೃತದಲ್ಲಿ ಯವನ. ಮನೆಯವರು ಕಳೆದುಕೊಂಡ ಅಕ್ಷರವನ್ನು ಪರಊರಿನ ನೆಂಟರು ಕಾಪಾಡಿದ ಹಾಗಾಯಿತು.

ಅಯೋನಿಯನರು ಇದ್ದದ್ದು ಇಂದಿನ ತುರ್ಕಿಯ ಪಡುವಣ ಕರಾವಳಿಯ ಊರುಗಳಲ್ಲಿ. ಮಿಲೆಟಸ್, ಎಫೆಸಸ್ ಮೊದಲಾದವು ಅವರ ಪಟ್ಟಣಗಳು. ಕ್ರಿ. ಪೂ. ಆರನೆಯ ಶತಮಾನದಲ್ಲಿ ಪಾರಸಿಕರು ಇವನ್ನು ಗೆದ್ದರು. ಪಾರಸಿಕರಿಗೆ ಮೊದಲು ಸಿಕ್ಕಿದ ಗ್ರೀಕರು ಇವರೇ ಆದುದರಿಂದ ಎಲ್ಲ ಗ್ರೀಕರಿಗೂ ಇವರ ಹೆಸರೇ ನಿಂತಿತು. ದರಾಯ ಚಕ್ರವರ್ತಿಯ ಶಾಸನಗಳಲ್ಲಿ ಅಧೀನ ದೇಶಗಳ ಪಟ್ಟಿಯಿದೆ. ಅವುಗಳಲ್ಲಿ ಕೆಲವು ಕಡೆ ಯೌನವೂ ಹಿಂದುಷ್ ಎಂಬ ಸಿಂಧೂದೇಶವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ನಮಗೆ ಅವರ ಹೆಸರು ತಿಳಿದುದೂ ಅವರಿಗೆ ನಮ್ಮ ಹೆಸರು ತಿಳಿದುದೂ ಈ ಬಾಗಿಲಿನಿಂದಲೇ. ಅಯೋನಿಯನರ ನಾಲಗೆಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಸಿಂಧು ಪಾರಸಿಕರ ಬಾಯಲ್ಲಿ ಹಿಂದು ಆಯಿತು, ಅಯೋನಿಯನರ ಬಾಯಲ್ಲಿ ಇಂದು ಆಯಿತು; ಅದರಿಂದಲೇ ಇಂಡಿಯಾ. ಒಂದು ಕರಾವಳಿಯ ಜನರ ಹೆಸರನ್ನು ನಾವು ಗ್ರೀಕ್ ಜನಾಂಗಕ್ಕೆಲ್ಲ ಕೊಟ್ಟೆವು. ಒಂದು ನದಿಯ ಹೆಸರನ್ನು ಅವರು ನಮ್ಮ ದೇಶಕ್ಕೆಲ್ಲ ಕೊಟ್ಟರು. ಇಬ್ಬರೂ ಮಾಡಿದ ತಪ್ಪು ಒಂದೇ.

ನಮ್ಮ ಹಿರಿಯರೂ ಈ ಹೆಸರಿಗೆ ಮೂಲವನ್ನು ಕಲ್ಪಿಸದೆ ಬಿಡಲಿಲ್ಲ. ಮಹಾಭಾರತದಲ್ಲಿ ಯವನರು ಯಯಾತಿಯ ಮಗ ತುರ್ವಸುವಿನ ಸಂತಾನ. ರಾಮಾಯಣದಲ್ಲಿ ವಿಶ್ವಾಮಿತ್ರನ ಸೇನೆಯನ್ನು ಎದುರಿಸಲು ವಸಿಷ್ಠರ ಧೇನುವಿನ ಯೋನಿಯಿಂದ ಹುಟ್ಟಿದವರು ಯವನರು. ಇಲ್ಲಿ ಶಬ್ದದ ಸಾದೃಶ್ಯವೇ ಕಥೆಯಾಗಿದೆ. ಮನುವಿನ ಮತದಲ್ಲಿ ಅವರು ಕ್ರಿಯಾಲೋಪದಿಂದ ಕೆಳಗಿಳಿದ ಕ್ಷತ್ರಿಯರು. ಬೈಬಲಿನ ಆದಿಕಾಂಡ ಯಾವಾನನನ್ನು ನೋಹನ ಮೊಮ್ಮಗನೆಂದು ಹೇಳುತ್ತದೆ. ಹೊಸ ಜನ ಕಂಡಾಗ ತಮ್ಮ ವಂಶವೃಕ್ಷದಲ್ಲಿ ಅವರಿಗೊಂದು ಕೊಂಬೆಯನ್ನು ಬಿಟ್ಟುಕೊಡುವುದು ಹಿಂದಿನವರ ರೀತಿ. ದೂರವಿಡಬೇಕಾದರೂ ನೆಂಟನನ್ನಾಗಿ ಮಾಡಿಯೇ ದೂರವಿಡುತ್ತಿದ್ದರು.

ಇನ್ನು ಕಾಲಯವನನ ವಿಚಾರ. ಹರಿವಂಶದ ಪ್ರಕಾರ ಇವನು ಗಾರ್ಗ್ಯನೆಂಬ ಬ್ರಾಹ್ಮಣನಿಗೆ ಅಪ್ಸರೆಯೊಬ್ಬಳಲ್ಲಿ ಹುಟ್ಟಿದವನು. ಮಕ್ಕಳಿಲ್ಲದ ಯವನರಾಜನೊಬ್ಬ ಅವನನ್ನು ತನ್ನ ಅರಮನೆಯಲ್ಲಿ ಸಾಕಿದ. ಅಲ್ಲಿ ಅಯಾನ್, ಇಲ್ಲಿ ಕಾಲಯವನ. ಇಬ್ಬರೂ ಹೆತ್ತವರಿಂದ ಬೇರೆಯಾಗಿ ಬೆಳೆದವರು, ಇಬ್ಬರನ್ನೂ ಮಗನೆಂದು ಸ್ವೀಕರಿಸಿದವನು ಮಕ್ಕಳಿಲ್ಲದ ದೊರೆ. ಒಂದರಿಂದ ಇನ್ನೊಂದು ಬಂದಿತೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾತನ್ನು ಖಂಡಿತವಾಗಿ ಹೇಳಬಹುದು. ಪೈಗಂಬರ್ ಮಹಮ್ಮದರು ಹುಟ್ಟಿದುದು ಸುಮಾರು ಕ್ರಿ. ಶ. ೫೭೦ರಲ್ಲಿ. ಕಾಲಯವನನ ಕಥೆ ಅದಕ್ಕಿಂತ ಹಳೆಯದು. ನಮ್ಮ ನಾಟಕದವರು ಅವನಿಗೆ ಇಟ್ಟ ಕೆಂಪು ಟೋಪಿ ಅವನ ತಲೆಯದಲ್ಲ.

ಚರಿತ್ರೆಯಲ್ಲಿ ಯವನರು ಮೊದಲು ಗ್ರೀಕರೇ. ಪಾಣಿನಿಯ ಸೂತ್ರದಲ್ಲಿ ಯವನ ಶಬ್ದವಿದೆ. ಯವನಾನಿ ಎಂದರೆ ಯವನರ ಲಿಪಿ ಎಂದು ಕಾತ್ಯಾಯನನು ವಿವರಿಸಿದ್ದಾನೆ. ಅಶೋಕನ ಹದಿಮೂರನೆಯ ಬಂಡೆಶಾಸನದಲ್ಲಿ ಅಂತಿಯೋಕನೆಂಬ ಯೋನರಾಜನ ಹೆಸರು ಬರುತ್ತದೆ. ನಮ್ಮ ಬಳ್ಳಾರಿಗೆ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಆ ಶಾಸನವಿದೆ. ವಿದಿಶೆಯ ಬಳಿ ಬೆಸನಗರದಲ್ಲಿ ಹೆಲಿಯೊಡೋರಸ್ ಎಂಬ ಯೋನದೂತನು ಕ್ರಿ. ಪೂ. ಎರಡನೆಯ ಶತಮಾನದಲ್ಲಿ ವಾಸುದೇವನಿಗೆ ಗರುಡಗಂಬವನ್ನು ನಿಲ್ಲಿಸಿ ತನ್ನನ್ನು ಭಾಗವತನೆಂದು ಕರೆದುಕೊಂಡಿದ್ದಾನೆ. ಕಾರ್ಲೆಯ ಬೌದ್ಧ ಚೈತ್ಯದ ಕಂಬಗಳನ್ನು ದಾನಮಾಡಿದವರಲ್ಲಿ ಹಲವರು ಯವನರು. ಹೀಗೆ ಒಬ್ಬ ಯವನ ವಿಷ್ಣುಭಕ್ತ, ಇನ್ನೊಬ್ಬ ಬೌದ್ಧ. ಗೌತಮೀಪುತ್ರ ಶಾತಕರ್ಣಿಯಾದರೋ ಶಕ ಯವನ ಪಹ್ಲವರನ್ನು ಅಡಗಿಸಿದವನೆಂದು ನಾಸಿಕದ ಶಾಸನ ಹೊಗಳುತ್ತದೆ. ಒಂದೇ ಹೆಸರಿನವರೊಡನೆ ಯುದ್ಧವೂ ಇತ್ತು, ವ್ಯಾಪಾರವೂ ಇತ್ತು, ಪೂಜೆಯೂ ಇತ್ತು.

ಅವರಿಂದ ನಮ್ಮ ಮನೆಗಳಿಗೆ ಬಂದ ಮಾತುಗಳೂ ಕಡಮೆಯಲ್ಲ. ಪಂಚಾಂಗದಲ್ಲಿ ನಾವು ನೋಡುವ ಹೋರೆ ಗ್ರೀಕರ 'ಹೋರಾ'. ಅವರ ಪುರಾಣದಲ್ಲಿ ಹೋರೆಯರು ಋತುಗಳ ಅಧಿದೇವತೆಗಳು. ಕೇಂದ್ರ ಎಂಬುದು ಅವರ 'ಕೆಂಟ್ರಾನ್'. ಮೂಲದಲ್ಲಿ ಅದು ಚುಚ್ಚುವ ಮೊನೆ, ಕೈವಾರದ ಮೊನೆ ನಿಂತ ಜಾಗ. ಇಂದು ನಾವು ತಾಲ್ಲೂಕು ಕೇಂದ್ರ ಎನ್ನುವಾಗ ಯಾವ ಯವನನ ನೆನಪೂ ಆಗುವುದಿಲ್ಲ. ಹಳೆಯ ಶಾಸನಗಳ ದ್ರಮ್ಮ ಅವರ ದ್ರಾಖ್ಮ. ಸುರಂಗವೂ ಅವರ 'ಸಿರಿಂಕ್ಸ್', ಅಂದರೆ ಕೊಳವೆ ಅಥವಾ ಕೊಳಲು, ಎಂಬುದರಿಂದ ಬಂದಿತೆಂದು ಪಂಡಿತರು ಹೇಳುತ್ತಾರೆ. ಪಾನ್ ದೇವನಿಂದ ತಪ್ಪಿಸಿಕೊಳ್ಳಲು ಜೊಂಡಾಗಿ ಮಾರ್ಪಟ್ಟ ವನದೇವತೆಯ ಹೆಸರೂ ಅದೇ. ಯವನರು ಮ್ಲೇಚ್ಛರಾದರೂ ಜ್ಯೋತಿಷವನ್ನು ಚೆನ್ನಾಗಿ ಬಲ್ಲವರಾದುದರಿಂದ ಋಷಿಗಳಂತೆ ಪೂಜ್ಯರು ಎಂಬ ಅಭಿಪ್ರಾಯವನ್ನು ವರಾಹಮಿಹಿರನು ಎತ್ತಿ ಹೇಳಿದ್ದಾನೆ. ವಿದ್ಯೆಯ ವಿಷಯದಲ್ಲಿ ನಮ್ಮವರಿಗೆ ಆ ಉದಾರತೆ ಇತ್ತು.

ಆದರೆ ಸದ್ದು ಒಂದೇ ಆದ ಮಾತ್ರಕ್ಕೆ ಎಲ್ಲವನ್ನೂ ಯವನರ ಲೆಕ್ಕಕ್ಕೆ ಬರೆಯಬಾರದು. ಸಂಸ್ಕೃತದಲ್ಲಿ ನಾಟಕದ ತೆರೆಗೆ ಯವನಿಕೆ ಎಂದು ಹೆಸರು. ಯಾತ್ರೆ ಜಾತ್ರೆಯಾದಂತೆ, ಯೋಗಿ ಜೋಗಿಯಾದಂತೆ, ಕನ್ನಡದಲ್ಲಿ ಅದು ಜವನಿಕೆ. ಈ ಒಂದು ಮಾತನ್ನು ಹಿಡಿದು, ಭಾರತದ ನಾಟಕವೇ ಗ್ರೀಕರಿಂದ ಬಂದಿತೆಂದು ಕಳೆದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ಕೆಲವು ಜರ್ಮನ್ ಪಂಡಿತರು ವಾದಿಸಿದರು. ಆದರೆ ನಮ್ಮ ತೆರೆಯಂಥ ತೆರೆ ಗ್ರೀಕರ ಪ್ರಾಚೀನ ರಂಗದ ಮೇಲೆ ಇರಲಿಲ್ಲ. ಯವನರ ಹಡಗುಗಳಲ್ಲಿ ಬಂದ ಪಾರಸಿಯ ಬಟ್ಟೆಯಿಂದ ಈ ಹೆಸರು ಬಂದಿರಬಹುದು ಎಂದು ಫ್ರಾನ್ಸಿನ ಸಿಲ್ವೇನ್ ಲೆವಿ ಸೂಚಿಸಿದರು. ಜವನಿಕೆ ಎಂಬ ರೂಪವೇ ಮೊದಲಿನದು, ಯವನರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿದವರೂ ಉಂಟು. ನಮ್ಮ ಜೋಳಕ್ಕೆ ಸಂಸ್ಕೃತದಲ್ಲಿ ಯವನಾಲ ಎಂಬ ಹೆಸರಿದೆ. ಅದನ್ನು ಯವ, ಎಂದರೆ ಬಾರ್ಲಿ, ಎಂಬುದರ ಜೊತೆಗೆ ಸೇರಿಸಿಯೂ ಬಿಡಿಸುತ್ತಾರೆ. ಹಾಗಾದರೆ ಜೋಳದ ರೊಟ್ಟಿಗೆ ಗ್ರೀಕರ ಹಂಗಿಲ್ಲ. ಮೆಣಸಿನ ಸಂಗತಿ ಬೇರೆ. ಅದಕ್ಕೆ ಕೋಶಕಾರರು ಯವನಪ್ರಿಯ ಎಂದೇ ಹೆಸರಿಟ್ಟಿದ್ದಾರೆ. ಚಿನ್ನವನ್ನು ತಂದು ಮೆಣಸನ್ನು ತುಂಬಿಕೊಂಡು ಹೋಗುವ ಯವನರ ಹಡಗುಗಳನ್ನು ಸಂಗಂ ಕಾಲದ ತಮಿಳು ಕವಿಗಳು ಕಂಡಿದ್ದರು.

ಈ ವ್ಯಾಪಾರದ ದೆಸೆಯಿಂದಲೇ ಯವನರ ಕಣ್ಣು ನಮ್ಮ ಸೀಮೆಯ ಮೇಲೆ ಬಿದ್ದಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೊಗೆಸೊಪ್ಪು, ರಾಗಿ, ಕಾವೇರಿ ಬಯಲಿನ ಬತ್ತ, ನಾಗರಹೊಳೆಯ ಆನೆ. ಸುಮಾರು ಕ್ರಿ. ಶ. ೧೫೦ರಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯದಲ್ಲಿ ಕುಳಿತು ಭೂಗೋಳವನ್ನು ಬರೆದ ಟಾಲೆಮಿಯ ಮನಸ್ಸಿಗೆ ಬಂದುದು ರತ್ನ. ಅವನು ಗ್ರೀಕ್ ಭಾಷೆಯಲ್ಲಿ ಬರೆದವನು. ನಮ್ಮವರ ಲೆಕ್ಕದಲ್ಲಿ ಯವನ. ಅವನ ಪಟ್ಟಿಯಲ್ಲಿ ನಮ್ಮ ಬನವಾಸಿ ಇದೆ. ಒಳನಾಡಿನ ಊರುಗಳ ನಡುವೆ ಪೌನ್ನಾಟ ಎಂಬ ಹೆಸರನ್ನು ಬರೆದು, ಅದು ಬೆರಿಲ್ ದೊರೆಯುವ ಸ್ಥಳವೆಂದು ಗುರುತು ಹಾಕಿದ್ದಾನೆ. ಇದೇ ಪುನ್ನಾಟ.

ಪುನ್ನಾಟದ ದೊರೆ ರವಿದತ್ತನ ತಾಮ್ರಶಾಸನದಿಂದ, ಕಾವೇರಿ ಕಪಿನಿ ನದಿಗಳಿಂದ ಶೋಭಿಸುತ್ತಿದ್ದ ಈ ರಾಜ್ಯಕ್ಕೆ ಕಿತ್ತಿಪುರ ರಾಜಧಾನಿಯಾಗಿತ್ತೆಂದು ತಿಳಿಯುತ್ತದೆ. ಲೂಯಿ ರೈಸ್ ಅವರು ಆ ಕಿತ್ತಿಪುರವನ್ನು ಅಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲೆಯ ದಡದ ಕಿತ್ತೂರು ಎಂದು ಗುರುತಿಸಿದರು. ೧೯೭೪ರಲ್ಲಿ ಕಟ್ಟಿ ಮುಗಿದ ಬೀಚನಹಳ್ಳಿಯ ಅಣೆಕಟ್ಟಿನಿಂದ ಇಂದು ಎಲ್ಲರೂ ಬಲ್ಲ ಕಬಿನಿ ಹೊಳೆ ಅದೇ. ಪುನ್ನಾಟದ ದೊರೆ ಸ್ಕಂದವರ್ಮನ ಮಗಳು ಗಂಗರ ಅವಿನೀತನನ್ನು ವರಿಸಿದಳು. ಅವಳ ಮಗ ದುರ್ವಿನೀತ. ಕವಿರಾಜಮಾರ್ಗವು ಕನ್ನಡದ ಹಿಂದಿನ ಗದ್ಯಕಾರರನ್ನು ಹೆಸರಿಸುವಾಗ ದುರ್ವಿನೀತನನ್ನೂ ಸ್ಮರಿಸುತ್ತದೆ. ಜೈನಮುನಿಗಳ ಪುನ್ನಾಟ ಸಂಘ ಈ ನಾಡಿನ ಹೆಸರನ್ನು ಗುಜರಾತಿನವರೆಗೆ ಒಯ್ದಿತು, ಕ್ರಿ. ಶ. ೭೮೩ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನು ಆ ಸಂಘದವನು. ಇಷ್ಟೆಲ್ಲ ಆದರೂ ಇಂದು ಪುನ್ನಾಟ ಎಂದರೆ ಅಲ್ಲಿಯ ಶಾಲೆಯ ಮಕ್ಕಳಿಗೂ ಹೊಸ ಮಾತು.

ಬೆರಿಲ್ ಎಂಬುದೂ ಇಲ್ಲಿಂದಲೇ ಹೋದ ಮಾತು. ಪ್ರಾಕೃತದ ವೇರುಲಿಯ ಅಥವಾ ವೇಲುರಿಯ ಗ್ರೀಕರಲ್ಲಿ 'ಬೇರಿಲ್ಲಸ್' ಆಯಿತು. ಸಂಸ್ಕೃತದಲ್ಲಿ ಅದೇ ವೈಡೂರ್ಯ. ಇಂದು ನವರತ್ನಗಳಲ್ಲಿ ವೈಡೂರ್ಯವೆಂದರೆ ಬೆಕ್ಕಿನ ಕಣ್ಣಿನಂಥ ಬೇರೆ ಕಲ್ಲು. ರತ್ನಗಳ ಹೆಸರೂ ಜನರ ಹೆಸರಿನಂತೆ ಕೈ ಬದಲಾಯಿಸುತ್ತದೆ. ಯೂರೋಪಿನಲ್ಲಿ ಕನ್ನಡಕದ ಗಾಜಿಗೆ ಮೊದಲು ಈ ಜಾತಿಯ ಪಾರದರ್ಶಕ ಕಲ್ಲನ್ನು ಬಳಸಿದುದರಿಂದ ಜರ್ಮನರು ಇಂದಿಗೂ ಕನ್ನಡಕವನ್ನು 'ಬ್ರಿಲ್' ಎನ್ನುತ್ತಾರೆ. ಬೆರಿಲ್ ಭಾರತದ್ದು, ಬೇರೆಡೆ ಅಪರೂಪ ಎಂದು ಬರೆದ ರೋಮಿನ ಪ್ಲಿನಿ, ಭಾರತೀಯರು ಸ್ಫಟಿಕಕ್ಕೆ ಬಣ್ಣವೇರಿಸಿ ಕೃತಕ ರತ್ನಗಳನ್ನು ಮಾಡುವುದನ್ನು ಕಂಡುಕೊಂಡಿದ್ದಾರೆ ಎಂದೂ ಸೇರಿಸಿದ್ದಾನೆ. ಆ ಕಡೆಯ ಹಣವೂ ನಮ್ಮ ನೆಲದಲ್ಲಿ ಸಿಕ್ಕಿದೆ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿಯಲ್ಲಿಯೂ, ಆಮೇಲೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮನ್ ಬೆಳ್ಳಿನಾಣ್ಯಗಳು ದೊರೆತಿವೆ.

ನಾವು ಯವನರನ್ನು ರಂಗದ ಮೇಲೆ ತಂದಂತೆ ಅವರೂ ನಮ್ಮನ್ನು ತಂದಿದ್ದರು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ, ಕ್ರಿ. ಶ. ಎರಡನೆಯ ಶತಮಾನದ ಒಂದು ಜೊಂಡಿನ ಕಾಗದದಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ೧೯೦೩ರಲ್ಲಿ ಅದು ಪ್ರಕಟವಾಯಿತು. ಭಾರತದ ಕರಾವಳಿಯ ಒಂದು ದೇವಾಲಯದಲ್ಲಿ ಚಾರಿಟಿಯನ್ ಎಂಬ ಗ್ರೀಕ್ ಯುವತಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಹಡಗಿನವರೊಡನೆ ಬಂದು, ಅಲ್ಲಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಇದರ ಹಂದರ ಗ್ರೀಕ್ ಪುರಾಣದ ಇಫಿಜೀನಿಯಳ ಕಥೆಯದು. ಅಲ್ಲಿಯ ಜನರ ಬಾಯಲ್ಲಿ ಬರುವ, ಗ್ರೀಕಲ್ಲದ ಮಾತುಗಳು ಕನ್ನಡ ಎಂದು ೧೯೦೪ರಲ್ಲಿ ಹುಲ್ಟ್ಸ್ ಪಂಡಿತರು ವಾದಿಸಿದರು. ಮೈಸೂರಿನ ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಬೆಂಬಲಿಸಿದರು. ೧೯೨೬ರಲ್ಲಿ ಬಾರ್ನೆಟ್ ಅದನ್ನು ಒಪ್ಪಲಿಲ್ಲ. ಮುಂದೆ ಅವು ತುಳು ಎಂದವರೂ ಬಂದರು. ಭಾಷೆ ಯಾವುದೇ ಇರಲಿ, ಆ ರಂಗದ ಮೇಲೆ ಅರ್ಥವಾಗದ ಮಾತಾಡಿ, ಕುಡಿದು ಮೋಸಹೋಗಿ, ನೋಡುವವರನ್ನು ನಗಿಸುವ ಅನ್ಯರು ನಮ್ಮ ಕಡೆಯವರು. ಹುಣಸೂರಿನ ಚಾಪೆಯ ಮೇಲೆ ನನ್ನ ಗೆಳೆಯ ಕುಳಿತ ಜಾಗದಲ್ಲಿ ಅಲ್ಲಿ ಒಬ್ಬ ಕನ್ನಡಿಗ ವ್ಯಾಪಾರಿ ಕುಳಿತಿದ್ದರೆ ಅವನಿಗೂ ಚಪ್ಪಾಳೆ ತಟ್ಟುವ ಮನಸ್ಸು ಬರುತ್ತಿರಲಿಲ್ಲ.

ರೋಮಿನ ವ್ಯಾಪಾರ ಕುಗ್ಗಿ, ಪಡುವಣ ಸಮುದ್ರದಿಂದ ಅರಬರ ಹಡಗುಗಳು ಬರತೊಡಗಿದ ಮೇಲೆ ಹೆಸರು ಅವರಿಗೆ ಸಂದಿತು. ಬಂದರಿನವರಿಗೆ ಪಡುವಣದಿಂದ ಬಂದವನು ಯವನ. ಮಲೆಯಾಳದ ಜೋನಕ, ತಮಿಳಿನ ಸೋನಗ ಎಂಬ ಮುಸಲ್ಮಾನರ ಹೆಸರುಗಳು ಯವನ ಶಬ್ದದ ಮಕ್ಕಳೇ. ದೆಹಲಿಯ ಮತ್ತು ದಖ್ಖನದ ಸುಲ್ತಾನರ ಕಾಲದಲ್ಲಿ ಶಾಸನಗಳೂ ಕಾವ್ಯಗಳೂ ಅವರನ್ನು ಯವನರೆಂದು ಕರೆದವು. ಆದರೆ ಆಗಲೂ ಅದು ಬೈಗುಳವೇ ಆಗಿತ್ತೆಂದು ಹೇಳಲಾಗದು. ವಿಜಯನಗರದ ಕೃಷ್ಣದೇವರಾಯನು (೧೫೦೯-೧೫೨೯) ಬಹಮನಿ ಸುಲ್ತಾನನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಿ ಯವನರಾಜ್ಯ ಸ್ಥಾಪನಾಚಾರ್ಯ ಎಂಬ ಬಿರುದನ್ನು ಹೆಮ್ಮೆಯಿಂದ ಧರಿಸಿದ. ಬೈಗುಳವನ್ನು ಯಾವ ದೊರೆಯೂ ತನ್ನ ಬಿರುದಿನಲ್ಲಿ ಸೇರಿಸಿಕೊಳ್ಳುವುದಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ನಾವು ಯಾರನ್ನು ಯವನರೆಂದು ಕರೆದೆವೋ ಆ ಅರಬರೂ ಪಾರಸಿಗಳೂ ಗ್ರೀಕರನ್ನು ಯೂನಾನ್ ಎಂದು ಕರೆಯುತ್ತಿದ್ದರು. ಅದೂ ಅದೇ ಶಬ್ದ. ಹಿಪಾಕ್ರಟಿಸ್, ಗೇಲನ್ ಮೊದಲಾದ ಗ್ರೀಕ್ ವೈದ್ಯರ ವಿದ್ಯೆಯನ್ನು ಅವರು ಕಲಿತು ಬೆಳೆಸಿ ಯೂನಾನಿ ಎಂದು ಹೆಸರಿಟ್ಟರು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯ ಹಲಗೆಯ ಮೇಲೆ ಅಯಾನನ ಹೆಸರು ಇಂದಿಗೂ ಇದೆ. ಹಾಗೆ ನೋಡಿದರೆ ಯವನ ಎಂಬುದು ನನ್ನ ಗೆಳೆಯನ ಹಿರಿಯರ ಹೆಸರಲ್ಲ. ಅವರು ಬೇರೊಬ್ಬರಿಗೆ, ಅದೂ ಗುರುಗಳಿಗೆ, ಕೊಟ್ಟಿದ್ದ ಹೆಸರು. ಗ್ರೀಕರಾದರೋ ತಮ್ಮನ್ನು ಹೆಲ್ಲೀನರೆಂದು ಕರೆದುಕೊಳ್ಳುತ್ತಾರೆ. ಇಂದು ತನ್ನನ್ನು ತಾನು ಯವನನೆಂದು ಹೇಳಿಕೊಳ್ಳುವವನು ಭೂಮಿಯ ಮೇಲೆ ಸಿಕ್ಕುವುದು ಕಷ್ಟ. ಆ ಹೆಸರು ಯಾವಾಗಲೂ ಎದುರಿಗಿರುವವನದು.

ನನ್ನ ಗೆಳೆಯ ಆಮೇಲೆ ತಂದೆಯ ವ್ಯಾಪಾರವನ್ನು ಹಿಡಿದ. ನಾನು ಊರು ಬಿಟ್ಟೆ. ಈಗ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನು ಎದುರಾದರೆ ಹೇಳಬೇಕಾದ ಮಾತೊಂದು ಬಾಕಿಯಿದೆ. ಅವನು ನಿಮ್ಮವನಲ್ಲ ಕಣೋ. ದೂರದ ಕಡಲತೀರದವನು, ನಮ್ಮೂರಿನ ಕಲ್ಲನ್ನು ಕೊಂಡವನು, ನಮ್ಮ ಪಂಚಾಂಗಕ್ಕೆ ಹೋರೆಯನ್ನು ಕೊಟ್ಟವನು. ನಿನಗೆಷ್ಟು ನೆಂಟನೋ ನನಗೂ ಅಷ್ಟೇ ನೆಂಟ. ಅಂದು ಆ ಟೋಪಿ ಇಟ್ಟವರು ಬೇರೆ. ಹೌದೆಂದು ತಲೆಯಾಡಿಸಿದವನು ನಾನು.